ಕಷ್ಟದ ವಿಷಯವನ್ನು ಕೊನೆಗಿಟ್ಟುಕೊಂಡ ಹುಡುಗ

ಡಿಗ್ರಿ ತಡವಾಗುವವರೆಲ್ಲ ಓದದೆ ಅಡ್ಡಾಡುವವರು ಎಂಬ ನಂಬಿಕೆ ಹೆತ್ತವರಲ್ಲಿ ಗಟ್ಟಿಯಾಗಿದೆ. ಹಾಗಲ್ಲ ಎಂದು ಹೇಳಿ ಸಾಕಾಗಿ ಈ ಪ್ರಕರಣ ಬರೆಯುತ್ತಿದ್ದೇನೆ. ವಿಷಯಗಳ ಹೆಸರು ಬೇರೆಯಾದರೂ ಇದೇ ಕಥೆ ನೋಂದಣಿಯ ಹೊತ್ತಿಗೆ ಮತ್ತೆ ಮತ್ತೆ ಬರುತ್ತದೆ. ಹುಡುಗನ ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ. ಎಂಟು ಸೆಮಿಸ್ಟರ್‌ಗೆ 160 ಕ್ರೆಡಿಟ್ (ಪ್ರತಿ ವಿಷಯಕ್ಕೂ ಇರುವ ತೂಕ, ಪಾಸಾದರೆ ಖಾತೆಗೆ ಸೇರುತ್ತದೆ). ಐದು ಸೆಮಿಸ್ಟರ್ ಮುಗಿದಾಗ 100 ಇರಬೇಕಾದಲ್ಲಿ 84 ಇತ್ತು. ಭೌತಶಾಸ್ತ್ರ, ಗಣಿತ-2, ಬೇಸಿಕ್ ಎಲೆಕ್ಟ್ರಾನಿಕ್ಸ್, ಸಿಗ್ನಲ್ಸ್, ಹೀಗೆ ತಲಾ 4 ಕ್ರೆಡಿಟ್‌ನ ನಾಲ್ಕು ವಿಷಯ ಬಾಕಿ. "ಏಕಾಗ್ರತೆ ಇಲ್ಲ" ಎಂದು ತಂದೆ ಅವನನ್ನು ಸಲಹೆಗೆಂದು ನನ್ನ ಬಳಿ ಕಳುಹಿಸಿದ್ದರು. ಮೊದಲ ಭೇಟಿಯಲ್ಲಿ ನಿದ್ದೆ, ಊಟ, ಬದುಕು ಬೇಡ ಎನ್ನಿಸುವ ಯೋಚನೆ ಇವನ್ನೆಲ್ಲ ಕೇಳಿದೆ. ಓದಿನ ಲೆಕ್ಕಕ್ಕೆ ಕೈಹಾಕುವ ಮೊದಲು ಇದನ್ನು ಕೇಳಲೇಬೇಕು. ಐದು ಗಂಟೆಗೂ ಕಡಿಮೆ ನಿದ್ದೆ ಬಿಟ್ಟರೆ ಗಾಬರಿಪಡುವಂಥದ್ದು ಸಿಗಲಿಲ್ಲ.

ಎರಡನೇ ಭೇಟಿಗೆ ಅವನು ಯೋಜನೆ ಸಿದ್ಧ ಮಾಡಿಕೊಂಡೇ ಬಂದಿದ್ದ. ಆರನೇ ಸೆಮಿಸ್ಟರ್‌ನ ರೆಗ್ಯುಲರ್ 20 ಕ್ರೆಡಿಟ್, ಅದರ ಮೇಲೆ ಭೌತಶಾಸ್ತ್ರ ಮತ್ತು ಬೇಸಿಕ್ ಎಲೆಕ್ಟ್ರಾನಿಕ್ಸ್, ಒಟ್ಟು 28. "ಸುಲಭದ್ದನ್ನ ಮೊದಲು ಮುಗಿಸಿಬಿಡ್ತೀನಿ ಮೇಡಂ. ಗಣಿತ ಕಷ್ಟ, ಅದನ್ನ ಎಂಟನೇ ಸೆಮ್‌ಗೆ ಇಟ್ಕೊಂಡಿದೀನಿ."

ಒಂದು ದೊಡ್ಡ ಹಾಳೆಯನ್ನು ಅಡ್ಡ ಹಿಡಿದು 6ರಿಂದ 10ರವರೆಗೆ ಕಾಲಂ ಎಳೆಯಲು ಹೇಳಿದೆ. "ಹತ್ತು ಯಾಕೆ ಮೇಡಂ, ಎಂಟೇ ಅಲ್ವಾ?" ಅಂದ. ಇರಲಿ, ಎಳೆಯಿರಿ ಅಂದೆ. ಬಾಕಿ ವಿಷಯ ಒಂದೊಂದಕ್ಕೂ ಮೂರು ಸಂಗತಿ ಬರೆಯಬೇಕು: ಅದು ಯಾವ ಸೆಮಿಸ್ಟರ್‌ನಲ್ಲಿ ನಡೆಯುತ್ತದೆ, ಅದಕ್ಕೂ ಮುಂಚೆ ಏನು ಪಾಸಾಗಿರಬೇಕು, ಅದು ಪಾಸಾಗಲಿ ಎಂದು ಮುಂದಿನ ಯಾವ ವಿಷಯ ಕಾಯುತ್ತಿದೆ. ಸೀನಿಯರ್‌ಗಳ ಮಾತು ನಂಬದೆ ಸಿಲಬಸ್ ಪುಸ್ತಕ ನೋಡಿಯೇ ತುಂಬಿಸಬೇಕು.

ಭೌತಶಾಸ್ತ್ರ, ಬೇಸಿಕ್ ಎಲೆಕ್ಟ್ರಾನಿಕ್ಸ್ ಪ್ರತಿ ಸೆಮಿಸ್ಟರ್‌ನಲ್ಲೂ ನಡೆಯುತ್ತವೆ. ಅವನಿಗೆ ಉಳಿದಿರುವ ಯಾವ ವಿಷಯವೂ ಅವಕ್ಕಾಗಿ ಕಾಯುತ್ತಿಲ್ಲ. ಗಣಿತ-2 ಸಮ ಸೆಮಿಸ್ಟರ್‌ನಲ್ಲಿ ಮಾತ್ರ. ಗಣಿತ-2 ಆಗದೆ ಸಿಗ್ನಲ್ಸ್‌ಗೆ ನೋಂದಣಿ ಇಲ್ಲ, ಅದು ಬೆಸ ಸೆಮಿಸ್ಟರ್‌ನದು. ಸಿಗ್ನಲ್ಸ್ ಆಗದೆ ಕಮ್ಯುನಿಕೇಷನ್ ಇಲ್ಲ, ಅದು ಮತ್ತೆ ಸಮ. ಪೆನ್ಸಿಲ್‌ನಲ್ಲಿ ಎಂಟರ ಕಾಲಂನಲ್ಲಿ ಗಣಿತ ಬರೆದ. ಒಂಬತ್ತರಲ್ಲಿ ಸಿಗ್ನಲ್ಸ್ ಬಂತು. ಹತ್ತರಲ್ಲಿ ಕಮ್ಯುನಿಕೇಷನ್ ಬರೆದವನು ಕೈ ತೆಗೆಯಲೇ ಇಲ್ಲ. ಆಮೇಲೆ, "ಹಂಗಾದ್ರೆ ನಾನು ಇಷ್ಟು ಕಷ್ಟಪಟ್ಟು ಒಂದು ವರ್ಷ ಲೇಟಾಗ್ತಿದ್ನಾ?" ಎಂದ.

ಹೌದು. ಅಷ್ಟೇ ಅಲ್ಲ, ಆರನೇ ಸೆಮಿಸ್ಟರ್‌ಗೆ ಅವನು ಲೆಕ್ಕ ಹಾಕಿದ್ದ 20ರಲ್ಲಿ ಕಮ್ಯುನಿಕೇಷನ್ ಕೂಡ ಸೇರಿತ್ತು. ಅದಕ್ಕೆ ನೋಂದಣಿಯೇ ಸಿಗುತ್ತಿರಲಿಲ್ಲ.

ನಾನು ಕೊಟ್ಟ ಸಲಹೆ ಇದು. ಆರನೇ ಸೆಮಿಸ್ಟರ್‌ಗೆ ರೆಗ್ಯುಲರ್ 16, ಜೊತೆಗೆ ಗಣಿತ-2. ಏಳಕ್ಕೆ ಒಂದು ಐಚ್ಛಿಕ ವಿಷಯ ಮುಂದೂಡಿ 16, ಜೊತೆಗೆ ಸಿಗ್ನಲ್ಸ್. ಎಂಟಕ್ಕೂ ಹಾಗೆಯೇ, ಜೊತೆಗೆ ಕಮ್ಯುನಿಕೇಷನ್. ಮೂರರಲ್ಲೂ 20 ದಾಟುವುದಿಲ್ಲ. ಮುಂದೂಡಿದ ಎರಡು ಐಚ್ಛಿಕ, ಭೌತಶಾಸ್ತ್ರ, ಬೇಸಿಕ್ ಎಲೆಕ್ಟ್ರಾನಿಕ್ಸ್ ಸೇರಿ ಒಂಬತ್ತನೇ ಸೆಮಿಸ್ಟರ್‌ಗೆ 16. ಬೇಸಿಗೆ ಟರ್ಮ್ ಇರುವ ಕಾಲೇಜಾದರೆ ಇವುಗಳಲ್ಲಿ ಒಂದೆರಡನ್ನು ಅಲ್ಲಿಯೇ ಮುಗಿಸಬಹುದು. ಆದರೆ ಗಣಿತ-2 ಈಗ ಕೈಕೊಟ್ಟರೆ ಹೋಗುವುದು ಒಂದಿಡೀ ವರ್ಷ. ಹಾಗಾಗಿ ದಿನದ ಒಳ್ಳೆಯ ಗಂಟೆ ಅದಕ್ಕೇ ಮೀಸಲು. ಹಳೆಯ ಉತ್ತರಪತ್ರಿಕೆಯ ನಕಲು ತರಿಸಿ ಯಾವ ಯೂನಿಟ್‌ನಲ್ಲಿ ಅಂಕ ಹೋಗಿದೆ ನೋಡಬೇಕು, ಓದು ಅಲ್ಲಿಂದ ಶುರುವಾಗಬೇಕು.

ತಂದೆ ಫೋನ್ ಮಾಡಿ ಸಿಟ್ಟಾದರು. "ಮಗನಿಗೆ ಧೈರ್ಯ ತುಂಬಿ ಅಂದ್ರೆ ಆರು ತಿಂಗಳು ಜಾಸ್ತಿ ಮಾಡಿ ಕಳಿಸ್ತಿದ್ದೀರಲ್ಲ." ಉಳಿದ 76 ಕ್ರೆಡಿಟ್ ಮೂರು ಸೆಮಿಸ್ಟರ್‌ಗೆ ಹಂಚಿದರೆ 25ರ ಮೇಲಾಗುತ್ತದೆ, ಅಷ್ಟೇ ತಾನೆ ಎಂಬುದು ಅವರ ವಾದ. ಒಂದು ಕ್ರೆಡಿಟ್‌ಗೆ ವಾರಕ್ಕೆ ಒಂದು ಗಂಟೆ ಪಾಠ, ಎರಡು ಗಂಟೆ ಸ್ವಂತ ಓದು ಎಂಬುದು ರೂಢಿಯ ಲೆಕ್ಕ. 20 ಕ್ರೆಡಿಟ್‌ಗೆ 60 ಗಂಟೆ, 25ಕ್ಕೆ 75, ಹುಡುಗ ಬರೆದು ತಂದಿದ್ದ 28ಕ್ಕೆ 84. ವಾರಕ್ಕೆ 84 ಗಂಟೆ ಎಂದರೆ ಭಾನುವಾರವೂ ಸೇರಿ ದಿನಕ್ಕೆ 12. ಒಂದು ವಾರ ಯಾರು ಬೇಕಾದರೂ ಓದಿಯಾರು, ಹದಿನೈದು ವಾರ ಆಗದು. ಐದನೇ ವಾರ ಜ್ವರ ಬಂದರೆ ಎಲ್ಲ ವಿಷಯವೂ ಒಟ್ಟಿಗೆ ಹಿಂದೆ ಬೀಳುತ್ತವೆ, ಮೊದಲು ಕೈಬಿಡುವುದು ಯಾವಾಗಲೂ ಕಷ್ಟದ್ದನ್ನೇ. ಇಲ್ಲಿ ಅದು ಗಣಿತ. 20 ಕ್ರೆಡಿಟ್‌ನಲ್ಲೇ ಒಂದೊಂದು ವಿಷಯ ಬಿಟ್ಟುಕೊಂಡು ಬಂದ ಹುಡುಗನಿಗೆ 25 ಹೊರಿಸುವುದನ್ನು ನಾನು ಧೈರ್ಯ ಎನ್ನಲಾರೆ. ಒಂದು ಸೆಮಿಸ್ಟರ್‌ನ ಶುಲ್ಕ ಹೊರೆಯೇ, ನಿಜ. ಎರಡು ಸೆಮಿಸ್ಟರ್‌ನದು ಇನ್ನೂ ದೊಡ್ಡ ಹೊರೆ.

ಇದೇ ಸ್ಥಿತಿಯಲ್ಲಿರುವವರಿಗೆ ಇನ್ನೆರಡು ಮಾತು. ವಿಷಯ ಕೈಬಿಡಲು ಕೊನೆಯ ದಿನಾಂಕ ಒಂದಿರುತ್ತದೆ. ಅದನ್ನು ನೋಂದಣಿಯ ದಿನವೇ ಬರೆದಿಟ್ಟುಕೊಳ್ಳಿ. ಮೊದಲ ಇಂಟರ್ನಲ್‌ನಲ್ಲಿ ಅರ್ಧಕ್ಕಿಂತ ಕಡಿಮೆ ಬಂದು, ಆ ವಿಷಯಕ್ಕೆ ಮುಂದೆ ಯಾವುದೂ ಕಾಯದಿದ್ದರೆ, ಫೇಲಾಗುವುದಕ್ಕಿಂತ ದಿನಾಂಕದ ಒಳಗೆ ಬಿಡುವುದು ಮೇಲು. ಬಿಡುವ ಮುನ್ನ ವಿದ್ಯಾರ್ಥಿವೇತನ, ಸಾಲ, ಹಾಸ್ಟೆಲ್ ಇವುಗಳಿಗೆ ಕನಿಷ್ಠ ಇಷ್ಟು ಕ್ರೆಡಿಟ್ ಇರಬೇಕೆಂಬ ಷರತ್ತು ಇದೆಯೇ ಎಂದು ಆಯಾ ಕಚೇರಿಯಲ್ಲೇ ಕೇಳಿ. ಹಾಗೆಯೇ ಕೊನೆಯ ಸೆಮಿಸ್ಟರ್‌ಗೆ ಒಂದು ಸೆಮಿಸ್ಟರ್ ಮುಂಚೆ, ಕಡ್ಡಾಯ, ಐಚ್ಛಿಕ, ಪ್ರಾಜೆಕ್ಟ್ ಎಂದು ವಿಭಾಗವಾರು ಎಷ್ಟು ಕ್ರೆಡಿಟ್ ಆಗಿದೆ ಎಂಬುದನ್ನು ಪರೀಕ್ಷಾ ವಿಭಾಗದಿಂದ ಲಿಖಿತವಾಗಿ ಪಡೆಯಿರಿ. ಒಟ್ಟು 160 ತುಂಬಿ, ಐಚ್ಛಿಕದಲ್ಲಿ 3 ಕಡಿಮೆ ಬಿದ್ದು ಡಿಗ್ರಿ ನಿಂತವರಿದ್ದಾರೆ.

ಹುಡುಗ ಈಗ ಏಳನೇ ಸೆಮಿಸ್ಟರ್‌ನಲ್ಲಿದ್ದಾನೆ. ಗಣಿತ-2 ಪಾಸಾಗಿದೆ, ಅಂಕ ಹೇಳಿಕೊಳ್ಳುವಂತಿಲ್ಲ. ಸಿಗ್ನಲ್ಸ್‌ಗೆ ನೋಂದಣಿ ಆಗಿದೆ. ತಂದೆ ಮಾತ್ರ ಎಂಟಕ್ಕೇ ಮುಗಿಸಬಹುದಿತ್ತು ಎಂದು ಈಗಲೂ ಹೇಳುತ್ತಾರೆ.