ಹೆಂಡತಿಗೆ ಕಾಣಲೆಂದು ಕಟ್ಟಿಸಿದ ಗೋಪುರವೇ?

ಕಳೆದ ಸಂಚಿಕೆಯ ಹ್ಯಾಡ್ಲೋ ಗೋಪುರದ ಚಿತ್ರ ನೋಡಿ ನೀವು ಪತ್ರ ಬರೆದಿದ್ದೀರಿ. ಇದು ಚರ್ಚಿನ ಗೋಪುರವೇ? ಮನೆಯದ್ದಾದರೆ ಮನೆ ಎಲ್ಲಿ? ಬಿಟ್ಟುಹೋದ ಹೆಂಡತಿಯ ಕಣ್ಣಿಗೆ ಸದಾ ಬೀಳಲಿ ಅಂತ ಗಂಡ ಕಟ್ಟಿಸಿದ್ದು ನಿಜವೇ?

ಚರ್ಚಿನದ್ದಲ್ಲ. ಇಂಗ್ಲೆಂಡಿನ ಕೆಂಟ್‌ನಲ್ಲಿ, ಟನ್‌ಬ್ರಿಜ್ ಹತ್ತಿರದ ಹ್ಯಾಡ್ಲೋ ಹಳ್ಳಿಯಲ್ಲಿ ಮೇ ಮನೆತನದವರ ಭಾರಿ ಬಂಗಲೆಯಿತ್ತು. ಕ್ಯಾಸಲ್ ಅಂತ ಕರೆಯುತ್ತಿದ್ದರು, ಯುದ್ಧ ಕಂಡ ಕೋಟೆಯೇನಲ್ಲ. 18ನೇ ಶತಮಾನದ ಕೊನೆಗೆ ವಾಲ್ಟರ್ ಮೇ ಶುರು ಮಾಡಿದ್ದನ್ನು ಮಗ ವಾಲ್ಟರ್ ಬಾರ್ಟನ್ ಮೇ ಬೆಳೆಸಿದ. 1838ರಲ್ಲಿ ಜಾರ್ಜ್ ಲೆಡ್‌ವೆಲ್ ಟೇಲರ್ ಎಂಬ ವಾಸ್ತುಶಿಲ್ಪಿಯಿಂದ ಗೋಪುರ ಕಟ್ಟಿಸಿದ. ಅದೂ ಸಾಲಲಿಲ್ಲ. 1840ರಲ್ಲಿ ನೆತ್ತಿಯ ಮೇಲೆ 40 ಅಡಿಯ ಎಂಟು ಮೂಲೆಯ ಮಂಟಪ ಏರಿಸಿದ. ಒಟ್ಟು ಎತ್ತರ ಸುಮಾರು 170 ಅಡಿ.

ಹೆಂಡತಿಯ ಕಥೆ ಊರಲ್ಲಿದೆ, ಕೇಳಲೂ ಚೆನ್ನಾಗಿದೆ. ಆದರೆ ಸಮುದ್ರ ನೋಡಲು ಕಟ್ಟಿಸಿದ, ಗುಡ್ಡ ಅಡ್ಡ ಬಂತು ಎನ್ನುವ ಇನ್ನೊಂದು ಕಥೆಯೂ ಇದೆ. ನನಗೆ ಎರಡರ ಮೇಲೂ ಅನುಮಾನ. ಉತ್ತರ ಇರುವುದು ಇಂಗ್ಲೆಂಡಿನದ್ದೇ ಇನ್ನೊಂದು ಜಿಲ್ಲೆ ವಿಲ್ಟ್‌ಶೈರ್‌ನಲ್ಲಿ. ಅಲ್ಲಿ ವಿಲಿಯಂ ಬೆಕ್‌ಫರ್ಡ್ ಎಂಬ ಆಗರ್ಭ ಶ್ರೀಮಂತ ಫಾಂಟ್‌ಹಿಲ್ ಅಬ್ಬೆ ಎಂಬ ಬಂಗಲೆ ಕಟ್ಟಿಸಿದ್ದ. ಅದರ ಎಂಟು ಮೂಲೆಯ ಗೋಪುರ ನೋಡಿದರೆ ಹ್ಯಾಡ್ಲೋ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಆ ಗೋಪುರ 1825ರ ಡಿಸೆಂಬರಿನಲ್ಲಿ ಕುಸಿದು ಬಿತ್ತು. ಬಿದ್ದ 13 ವರ್ಷಕ್ಕೆ ಮೇ ಅದೇ ಮಾದರಿ ಎತ್ತಿಸಿದ. ಗುಂಡಿಗೆ ಬೇಕು, ಅಲ್ವಾ?

ಹ್ಯಾಡ್ಲೋ ಗೋಪುರದ ಹತ್ತಿರ ಹೋದರೆ ಇನ್ನೊಂದು ಗುಟ್ಟು ಕಾಣುತ್ತದೆ. ಅದು ಕಲ್ಲಲ್ಲ, ಇಟ್ಟಿಗೆ. ಮೇಲಿರುವುದು ಗಾರೆ. 1796ರಲ್ಲಿ ಜೇಮ್ಸ್ ಪಾರ್ಕರ್ ಪೇಟೆಂಟ್ ಪಡೆದ ರೋಮನ್ ಸಿಮೆಂಟ್ ಅದು. ಜೇಡಿಮಣ್ಣಿನಲ್ಲಿ ಸಿಗುವ ಸುಣ್ಣದಂಶದ ಗಟ್ಟಿ ಉಂಡೆಗಳನ್ನು ಸುಟ್ಟು ಪುಡಿ ಮಾಡುತ್ತಿದ್ದರು. ನೀರು ಬೆರೆಸಿದ ಕೆಲವೇ ನಿಮಿಷಕ್ಕೆ ಬಿಗಿಯುತ್ತಿತ್ತು. ಕಲ್ಲುಕುಟಿಗರ ಖರ್ಚಿಲ್ಲದೆ ಹಳೆಯ ಚರ್ಚುಗಳಲ್ಲಿ ಕಾಣುವಂಥ ಗಾಥಿಕ್ ಅಲಂಕಾರವೆಲ್ಲ ಸಿಕ್ಕಿತು. ತೊಂದರೆಯೂ ಅಲ್ಲೇ. ಗಾರೆ ಬಿರುಕು ಬಿಟ್ಟರೆ ನೀರು ಸೀದಾ ಇಟ್ಟಿಗೆಗೆ ಇಳಿಯುತ್ತದೆ.

ಇನ್ನು ಮನೆ. 1951ರಲ್ಲಿ ಅದನ್ನು ಕೆಡವಿದರು. ಗೋಪುರ, ಲಾಯ ಮತ್ತು ಆಳುಗಳ ಮನೆಗಳಷ್ಟೇ ಉಳಿದವು. ಅವನ್ನು ಉಳಿಸಿದ್ದು ಬರ್ನಾರ್ಡ್ ಹೇಲ್‌ಸ್ಟೋನ್ ಎಂಬ ಚಿತ್ರಕಾರ. 1987ರ ಬಿರುಗಾಳಿಗೆ ಗೋಪುರ ಜಾಸ್ತಿಯೇ ಜಖಂ ಆಯಿತು. 1996ರಲ್ಲಿ ಮೇಲಿನ ಮಂಟಪವನ್ನು ಬಿಚ್ಚಿ ಇಳಿಸಬೇಕಾಯಿತು. ಕೊನೆಗೆ 2011ರಲ್ಲಿ ಸ್ಥಳೀಯ ಕೌನ್ಸಿಲ್ ಕಾನೂನಿನ ಬಲದಿಂದ ಗೋಪುರವನ್ನು ಕಡ್ಡಾಯವಾಗಿ ಕೊಂಡು, ಹಳೆಯ ಕಟ್ಟಡಗಳನ್ನು ಉಳಿಸುವ ವಿವಾಟ್ ಟ್ರಸ್ಟಿಗೆ ಒಪ್ಪಿಸಿತು. ಬ್ರಿಟನ್ನಿನ ರಾಷ್ಟ್ರೀಯ ಲಾಟರಿಯ ಹಣದಿಂದ ನಡೆಯುವ ನಿಧಿಯ ನೆರವಿನಿಂದ ದುರಸ್ತಿ ನಡೆದು 2013ಕ್ಕೆ ಮುಗಿಯಿತು. ನೀವು ಚಿತ್ರದಲ್ಲಿ ನೋಡಿದ ಮಂಟಪ ಆಗ ಮತ್ತೆ ಕಟ್ಟಿದ್ದು.