ಫಾರಿನ್‌ಗೆ ವಾಲಂಟಿಯರ್ ಆಗಿ ಹೋಗ್ತೀರಾ? ಓದುಗರ ಪ್ರಶ್ನೆ, ಅಕ್ಕನ ಉತ್ತರ

ಪ್ರಶ್ನೆ: ಅಕ್ಕಾ ನಮಸ್ತೆ. ನಂಗೀಗ 22, ಡಿಗ್ರಿ ಮುಗೀತು. ಸ್ವಲ್ಪ ಕಾಲ ಹೊರದೇಶಕ್ಕೆ ಹೋಗಿ ಅಂಗವಿಕಲರ ಜೊತೆ ವಾಲಂಟಿಯರ್ ಆಗಿ ಕೆಲ್ಸ ಮಾಡೋ ಆಸೆ ಇದೆ. ಒಂದು ಏಜೆನ್ಸಿಯವ್ರು ಎರಡು ವಾರದ ಪ್ರೋಗ್ರಾಂ ಇದೆ, ಅನುಭವ ಬೇಡ, ಫೀಸ್ ಕಟ್ಟಿದ್ರೆ ಸಾಕು, ಸ್ಪೆಷಲ್ ಮಕ್ಕಳ ಜೊತೆ ಇದ್ದು ಸರ್ಟಿಫಿಕೇಟ್ ತಗೊಂಡು ಬರ್ಬೋದು ಅಂತಾರೆ. ಫ್ರೆಂಡ್ ಒಬ್ಳು ಜರ್ಮನಿಗೆ ಒಂದು ವರ್ಷಕ್ಕೇ ಹೋಗು ಅಂತಾಳೆ. ಅಮ್ಮ ಮಾತ್ರ "ಸೇವೆ ಮಾಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು" ಅಂತ ಕೇಳ್ತಾನೇ ಇದಾರೆ, ನಂಗೆ ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಯಾವ್ದು ಒಳ್ಳೇದು?

ಉತ್ತರ: ಏಜೆನ್ಸಿದು ಬಿಟ್ಬಿಡಿ, ಅದ್ರಲ್ಲಿ ಯೋಚ್ನೆ ಮಾಡೋದೇ ಇಲ್ಲ. ಅನುಭವ ಬೇಡ, ಪೊಲೀಸ್ ವೆರಿಫಿಕೇಶನ್ ಸುದ್ದಿನೂ ಇಲ್ಲ, ಫೀಸ್ ಕಟ್ಟಿದ್ರೆ ಸಾಕು ಅಂದ್ರೆ ಆ ಮಕ್ಕಳ ರೂಮಿನ ಬಾಗಿಲು ನಿಮಗೊಬ್ರಿಗೆ ಅಲ್ಲ, ದುಡ್ಡು ಕೊಡೋ ಯಾರಿಗೆ ಬೇಕಾದ್ರೂ ತೆಗ್ದಿದೆ ಅಂತ ಅರ್ಥ. ಇನ್ನೊಂದು, ಮಾತು ಬರದೇ ಇರೋ ಒಂದು ಮಗು "ಬೇಡ" ಅನ್ನೋದನ್ನ ಹೇಗೆ ತೋರಿಸುತ್ತೆ, ಮುಖ ತಿರುಗಿಸುತ್ತಾ, ಕೈ ಬಿಗಿ ಮಾಡುತ್ತಾ, ಸುಮ್ನೆ ಕಣ್ಣು ಮುಚ್ಕೊಳ್ಳುತ್ತಾ, ಇಷ್ಟು ನಿಮಗೆ ಅರ್ಥ ಆಗೋ ಹೊತ್ತಿಗೆ ಎರಡು ವಾರ ಮುಗ್ದು ನೀವು ಏರ್‌ಪೋರ್ಟಲ್ಲಿ ಇರ್ತೀರ. ಮುಂದಿನ ವಾರ ಇನ್ನೊಬ್ಳು ಬಂದು ಮತ್ತೆ ಮೊದಲಿಂದ. ನಿಮಗೆ ಸರ್ಟಿಫಿಕೇಟ್ ಸಿಕ್ತು, ಸರಿ, ಆ ಮಗೂಗೆ ಸಿಕ್ಕಿದ್ದೇನು?

ಜರ್ಮನಿದು ಬೇರೆ ಥರ. ಅಲ್ಲಿ ಕಡ್ಡಾಯ ಮಿಲಿಟರಿ ಸೇವೆ ಇದ್ದಾಗ ಬಂದೂಕು ಹಿಡಿಯಲ್ಲ ಅಂದ ಹುಡುಗರು ಅದರ ಬದಲು ಆಸ್ಪತ್ರೆ, ವೃದ್ಧಾಶ್ರಮ, ಅಂಗವಿಕಲರ ವಸತಿಗಳಲ್ಲಿ ಕೆಲ್ಸ ಮಾಡ್ತಿದ್ರು. 2011ರಲ್ಲಿ ಕಡ್ಡಾಯ ಸೇವೆ ನಿಲ್ಸಿದಾಗ ಇದೂ ನಿಂತೋಯ್ತು, ಆ ಜಾಗಕ್ಕೆ ಫೆಡರಲ್ ವಾಲಂಟರಿ ಸರ್ವೀಸ್ ಅಂತ ಶುರು ಮಾಡಿದ್ರು. 27 ವರ್ಷದೊಳಗಿನವ್ರಿಗೆ ಇದಕ್ಕಿಂತ ಹಳೇದಾದ ವಾಲಂಟರಿ ಸೋಶಿಯಲ್ ಇಯರ್ ಕೂಡ ಇದೆ. ಎರಡರಲ್ಲೂ ಪಾಕೆಟ್ ಮನಿ ಕೊಡ್ತಾರೆ, ಹೆಲ್ತ್ ಇನ್ಶೂರೆನ್ಸ್ ಸೇರಿ ಸೋಶಿಯಲ್ ಇನ್ಶೂರೆನ್ಸ್ ದುಡ್ಡು ಅವ್ರೇ ಕಟ್ತಾರೆ, ನಿಮ್ಮ ವಯಸ್ಸಿನವ್ರಿಗೆ ವರ್ಷಕ್ಕೆ 25 ದಿನ ಸೆಮಿನಾರ್ ಇರುತ್ತೆ. ಸಂಬಳದ ಸ್ಟಾಫನ್ನ ತೆಗ್ದು ಆ ಜಾಗದಲ್ಲಿ ವಾಲಂಟಿಯರನ್ನ ಕೂರಿಸೋ ಹಾಗಿಲ್ಲ ಅಂತ ರೂಲೂ ಇದೆ. ಆದ್ರೆ ಜರ್ಮನ್ ಭಾಷೆ ಸ್ವಲ್ಪನಾದ್ರೂ ಬರ್ಲೇಬೇಕು, ಬೆಳಗ್ಗೆ ಎದ್ದು ಸ್ನಾನಕ್ಕೆ ಸಹಾಯ ಕೇಳೋ ಮನುಷ್ಯ ನಿಮಗೋಸ್ಕರ ಇಂಗ್ಲಿಷ್ ಕಲೀತಾ ಕೂರಲ್ಲ.

ಸ್ಕಾಟ್ಲೆಂಡಿನ ಕ್ಯಾಂಪ್‌ಹಿಲ್ ಥರದ್ದೂ ನೋಡಿ. ನಾಜಿಗಳಿಂದ ತಪ್ಪಿಸ್ಕೊಂಡು ಬಂದ ಕಾರ್ಲ್ ಕೋನಿಗ್ ಅನ್ನೋ ಡಾಕ್ಟರು ಮತ್ತೆ ಅವರ ಜೊತೆಯವ್ರು 1940ರಲ್ಲಿ ಅಬರ್ಡೀನ್ ಹತ್ರ ಶುರು ಮಾಡಿದ್ದು, ಈಗ ತುಂಬ ದೇಶಗಳಲ್ಲಿದೆ. ಬೌದ್ಧಿಕ ಅಂಗವೈಕಲ್ಯ ಇರೋರ ಜೊತೆ ಒಂದೇ ಮನೇಲಿದ್ದು, ಅಡುಗೆ, ತೋಟ, ಕೈಕೆಲ್ಸ ಎಲ್ಲ ಒಟ್ಟಿಗೆ ಮಾಡೋದು ಅಲ್ಲಿಯ ಕ್ರಮ. ಬ್ರಿಟನ್ನಿಗೆ ಹೋಗೋದಾದ್ರೆ ಚಾರಿಟಿ ವರ್ಕರ್ ವೀಸಾ ಅಂತಿದೆ, ಹೆಚ್ಚಂದ್ರೆ 12 ತಿಂಗಳು, ಲೈಸೆನ್ಸ್ ಇರೋ ಸಂಸ್ಥೆನೇ ಸ್ಪಾನ್ಸರ್ ಮಾಡ್ಬೇಕು. ಇನ್ನು ಯೂರೋಪಿಯನ್ ಸಾಲಿಡಾರಿಟಿ ಕೋರ್ ಬಗ್ಗೆ ನೆಟ್ಟಲ್ಲಿ ಓದಿ ಆಸೆ ಪಡ್ಬೇಡಿ, 18ರಿಂದ 30 ವಯಸ್ಸಿನವ್ರಿಗೆ ಊಟ, ವಸತಿ, ಪಾಕೆಟ್ ಮನಿ ಎಲ್ಲ ಕೊಡೋ ಒಳ್ಳೇ ಸ್ಕೀಮೇ, ಆದ್ರೆ ಎಲ್ಲ ದೇಶದವ್ರಿಗೂ ಓಪನ್ ಇಲ್ಲ. ಎಲ್ಲಿಗೇ ಆಗ್ಲಿ, "ಟೂರಿಸ್ಟ್ ವೀಸಾದಲ್ಲಿ ಬಂದ್ಬಿಡಿ, ಆಮೇಲೆ ನೋಡ್ಕೊಳ್ಳೋಣ" ಅಂದ್ರೆ ಅಲ್ಲಿಗೇ ಫೋನ್ ಇಟ್ಬಿಡಿ.

ಕೆಲ್ಸ ಅಂದ್ರೆ ಏನು ಅಂತ ನೀವು ಕೇಳ್ಲಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ಹೋದವ್ರು ಸುಸ್ತಾಗೋದು ಇಲ್ಲೇ. ವೀಲ್‌ಚೇರಿಂದ ಹಾಸಿಗೆಗೆ ಒಬ್ರನ್ನ ಶಿಫ್ಟ್ ಮಾಡೋದನ್ನೇ ತಗೊಳ್ಳಿ. ಮೊದ್ಲು ಎರಡೂ ಚಕ್ರದ ಬ್ರೇಕ್ ಹಾಕ್ಬೇಕು, ಫುಟ್‌ರೆಸ್ಟ್ ಪಕ್ಕಕ್ಕೆ ತಿರುಗಿಸ್ಬೇಕು, ಈಗ ಏನ್ ಮಾಡ್ತೀನಿ ಅಂತ ಅವ್ರಿಗೆ ಹೇಳ್ಬೇಕು, ಅವ್ರು ರೆಡಿ ಅಂದ್ಮೇಲೇ ಮುಟ್ಬೇಕು. ಕಂಕುಳಿಗೆ ಕೈ ಹಾಕಿ ಎತ್ತೋದು ಸಿನಿಮಾದಲ್ಲಿ ಚೆನ್ನಾಗಿರುತ್ತೆ, ನಿಜವಾಗಿ ಹಾಗೆ ಎತ್ತಿದ್ರೆ ಅವ್ರ ಭುಜಕ್ಕೂ ಪೆಟ್ಟು ನಿಮ್ಮ ಬೆನ್ನಿಗೂ ಪೆಟ್ಟು. ತೂಕ ಜಾಸ್ತಿ ಇದ್ರೆ ಎತ್ತೋ ಮೆಷಿನ್ ಇರುತ್ತೆ, ಅದನ್ನ ಟ್ರೇನಿಂಗ್ ಇಲ್ದೆ ಮುಟ್ಟೋದೇ ಬೇಡ. ಊಟ ಮಾಡಿಸೋದೂ ಹಾಗೇ. ನುಂಗೋಕೆ ಕಷ್ಟ ಇರೋರಿಗೆ ನೆಟ್ಟಗೆ ಕೂರಿಸಿ, ಅವ್ರ ಕಣ್ಣಿನ ಎತ್ತರಕ್ಕೆ ನೀವೂ ಕೂತು, ಚಿಕ್ಕ ಚಮಚದಲ್ಲಿ ಕೊಟ್ಟು, ನುಂಗಿದ್ರಾ ಅಂತ ನೋಡಿ ಆಮೇಲೆ ಇನ್ನೊಂದು. ಫೋನ್ ನೋಡ್ಕೊಂಡು ಬೇಗ ಬೇಗ ತುರುಕಿದ್ರೆ ಊಟ ಶ್ವಾಸನಾಳಕ್ಕೆ ಹೋಗುತ್ತೆ, ಜೀವಕ್ಕೇ ಅಪಾಯ. ಇದನ್ನೇ ದಿನಕ್ಕೆ ಮೂರು ಸಲ, ಮಧ್ಯದಲ್ಲಿ ಬಟ್ಟೆ ಒಗೆಯೋದು, ಟಾಯ್ಲೆಟ್ ಕ್ಲೀನಿಂಗು, ಜೊತೆಗೆ ಬಸ್‌ಸ್ಟಾಪಿನ ತನಕ ಒಂದು ಗಂಟೆ ನಡೆಯೋದು, ಯಾಕಂದ್ರೆ ಅವ್ರಿಗೆ ದಾರೀಲಿ ಸಿಕ್ಕ ನಾಯಿಗಳನ್ನೆಲ್ಲ ಮಾತಾಡಿಸ್ಬೇಕು. ಆ ದಿನ ಅವ್ರದ್ದು, ನಿಮ್ಮದಲ್ಲ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದ 2006ರಲ್ಲಿ ಅಂಗೀಕಾರ ಆಗಿ 2008ರಲ್ಲಿ ಜಾರಿಗೆ ಬಂತು, ಅದರ 19ನೇ ವಿಧಿ ಹೇಳೋದೂ ಇದನ್ನೇ, ಎಲ್ಲಿ ಇರ್ಬೇಕು ಯಾರ ಜೊತೆ ಇರ್ಬೇಕು ಅಂತ ಆರಿಸ್ಕೊಳ್ಳೋ ಹಕ್ಕು ಅವ್ರಿಗೂ ಬೇರೆಯವ್ರಷ್ಟೇ ಇದೆ.

ಇಂಟರ್‌ವ್ಯೂನಲ್ಲಿ ಅವ್ರು ನಿಮ್ಮನ್ನ ಕೇಳಿದಷ್ಟೇ ನೀವೂ ಅವ್ರನ್ನ ಕೇಳಿ. ಟ್ರೇನಿಂಗ್ ಎಷ್ಟು ದಿನ, ರಾತ್ರಿ ನನ್ನೊಬ್ಳನ್ನೇ ಬಿಡ್ತೀರಾ, ಮಾತ್ರೆ ಕೊಡೋದು ಯಾರು, ವಾರಕ್ಕೆ ರಜ ಎಷ್ಟು, ಸಂಸ್ಥೆಯ ಕಮಿಟಿಯಲ್ಲಿ ಅಂಗವಿಕಲರೇ ಎಷ್ಟು ಜನ ಇದಾರೆ, ಕಂಪ್ಲೇಂಟ್ ಇದ್ರೆ ಸಂಸ್ಥೆಯ ಹೊರಗಿನವ್ರಲ್ಲಿ ಯಾರಿಗೆ ಹೇಳ್ಬೇಕು. ಕೊನೇ ಪ್ರಶ್ನೆ ಕೇಳೋಕೆ ಸಂಕೋಚ ಬೇಡ, ಎಷ್ಟೇ ದೊಡ್ಡ ಹೆಸರಿದ್ರೂ ಕೇಳಿ. ಲಾರ್ಷ್ ಅಂತ ಫ್ರಾನ್ಸಲ್ಲಿ 1964ರಲ್ಲಿ ಶುರುವಾದ ಸಮುದಾಯ, ಬೌದ್ಧಿಕ ಅಂಗವೈಕಲ್ಯ ಇರೋರ ಜೊತೆ ಬದುಕೋದಕ್ಕೆ ಜಗತ್ತಿಗೇ ಹೆಸರಾದದ್ದು. ಅದರ ಸ್ಥಾಪಕ ಜಾನ್ ವಾನಿಯೇ ಅವ್ರನ್ನ ಜನ ಸಂತ ಅಂತಿದ್ರು. ಅವ್ರು 2019ರಲ್ಲಿ ತೀರ್ಕೊಂಡ್ರು, ಮರುವರ್ಷ ಸಂಸ್ಥೆ ತಾನೇ ಮಾಡಿಸಿದ ತನಿಖೆಯಲ್ಲಿ ಅವ್ರು ಹಲವು ಮಹಿಳೆಯರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದು ಹೊರಗೆ ಬಂತು. ಸಂಸ್ಥೆ ಅದನ್ನ ಮುಚ್ಚಿಡದೆ ಪ್ರಕಟ ಮಾಡ್ತು, ಅದನ್ನೂ ಹೇಳ್ಬೇಕು.

ಇನ್ನು ಅಮ್ಮ. ಅವ್ರ ಪ್ರಶ್ನೆ ಸರಿಯಾಗೇ ಇದೆ ಕಣಮ್ಮಾ. ನೀವು ಹೋಗ್ದಿದ್ರೆ ಅಲ್ಲೇನೂ ನಿಂತೋಗಲ್ಲ. ಸೇವೆ ಅಂತ ಹೇಳ್ಬೇಡಿ, "ಕಲಿಯೋಕೆ ಹೋಗ್ತೀನಿ, ಅವ್ರು ಕಲಿಸ್ತಾರೆ, ಊಟ ವಸತಿನೂ ಕೊಡ್ತಾರೆ" ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಹೋಗೋ ಮುಂಚೆ ಹತ್ತಿರದ ಯಾವ್ದಾದ್ರೂ ಸಂಸ್ಥೆಯಲ್ಲಿ ಒಂದೆರಡು ತಿಂಗಳು ಕೆಲ್ಸ ಮಾಡಿದ್ರೆ ಅಮ್ಮನ ಅರ್ಧ ವಾದ ಅಲ್ಲೇ ಬಿದ್ದೋಗುತ್ತೆ, ಇಂಟರ್‌ವ್ಯೂಗೂ ಅನುಕೂಲ.

ಪ್ರಶ್ನೆ: ನಾನೇ ವೀಲ್‌ಚೇರ್ ಯೂಸ್ ಮಾಡ್ತೀನಿ, ವಯಸ್ಸು 25. ಇಂಥ ಕಡೆ ನನ್ನನ್ನ ವಾಲಂಟಿಯರ್ ಆಗಿ ತಗೋತಾರಾ, ಇಲ್ಲ ನನ್ನನ್ನೇ ಇನ್ನೊಬ್ರು ನೋಡ್ಕೋಬೇಕಾಗುತ್ತೆ ಅಂತ ಬೇಡ ಅಂತಾರಾ?

ಉತ್ತರ: ಬೇಡ ಅನ್ನೋರೂ ಸಿಗ್ತಾರೆ, ಸುಳ್ಳು ಹೇಳಲ್ಲ. ಆದ್ರೆ ಅಮೆರಿಕದ ಆರೆಗನ್ನಲ್ಲಿ 1981ರಿಂದ ಮೊಬಿಲಿಟಿ ಇಂಟರ್‌ನ್ಯಾಷನಲ್ ಯುಎಸ್‌ಎ ಅನ್ನೋ ಸಂಸ್ಥೆ ಇರೋದೇ ಅಂಗವಿಕಲರು ದೇಶ ದಾಟಿ ಓದ್ಬೇಕು, ಕೆಲ್ಸ ಮಾಡ್ಬೇಕು ಅಂತ. ಆಗ್ಲೇ ಹೇಳಿದ ಒಪ್ಪಂದದ 32ನೇ ವಿಧಿ ಕೂಡ ಅಂತರರಾಷ್ಟ್ರೀಯ ಸಹಕಾರದ ಕಾರ್ಯಕ್ರಮಗಳಲ್ಲಿ ಅಂಗವಿಕಲರೂ ಭಾಗವಹಿಸೋ ಹಾಗಿರ್ಬೇಕು ಅನ್ನುತ್ತೆ. ಅಪ್ಲಿಕೇಶನ್ನಲ್ಲಿ ಮುಚ್ಚಿಡ್ಬೇಡಿ. ಬಾಗಿಲ ಅಗಲ ಎಷ್ಟು, ಬಾತ್‌ರೂಮಲ್ಲಿ ಹಿಡ್ಕೊಳ್ಳೋ ಕಂಬಿ ಇದ್ಯಾ, ಲಿಫ್ಟ್ ಕೆಟ್ರೆ ಏನ್ ಮಾಡ್ತೀರ ಅಂತ ಕೇಳಿ ಫೋಟೋ, ವಿಡಿಯೋ ಕಳ್ಸಿ ಅನ್ನಿ. ಪವರ್ ವೀಲ್‌ಚೇರ್ ಆದ್ರೆ ಬ್ಯಾಟರಿ ಯಾವ ಥರದ್ದು ಅಂತ ಏರ್‌ಲೈನಿಗೆ ಮೊದ್ಲೇ ತಿಳಿಸ್ಬೇಕು. ಮತ್ತೆ ಒಂದು ಮಾತು, ಆಕ್ಸಿಡೆಂಟಾಗಿ ಹೊಸದಾಗಿ ವೀಲ್‌ಚೇರಿಗೆ ಬಂದ ಹುಡುಗನಿಗೆ ನೀವು ಕೂತಲ್ಲಿಂದಲೇ ಹೇಳ್ಕೊಡೋದನ್ನ ಪಕ್ಕದಲ್ಲಿ ನಿಂತಿರೋ ಹತ್ತು ವಾಲಂಟಿಯರ್‌ಗಳು ಹೇಳ್ಕೊಡೋಕಾಗಲ್ಲ.

ಪ್ರಶ್ನೆ: ನಂಗೆ ಸೈನ್ ಲ್ಯಾಂಗ್ವೇಜ್ ಚೆನ್ನಾಗಿ ಬರುತ್ತೆ. ಯಾವ ದೇಶದಲ್ಲಾದ್ರೂ ನಡೆಯುತ್ತೆ ತಾನೇ? ಅಲ್ಲಿಯ ಮಕ್ಕಳ ಜೊತೆ ರೀಲ್ಸ್ ಮಾಡಿ ಹಾಕ್ಬೋದಾ?

ಉತ್ತರ: ನಡೆಯಲ್ಲ. ಬ್ರಿಟನ್ನು, ಅಮೆರಿಕ ಎರಡೂ ಕಡೆ ಮಾತಾಡೋದು ಇಂಗ್ಲಿಷೇ, ಆದ್ರೂ ಅವ್ರ ಸೈನ್ ಭಾಷೆಗಳು ಬೇರೆ ಬೇರೆ, ಅಮೆರಿಕದ್ದಕ್ಕೆ ಫ್ರೆಂಚ್ ಸೈನ್ ಭಾಷೆಯ ನಂಟೇ ಜಾಸ್ತಿ. ಅಲ್ಲಿಗೆ ಹೋಗಿ ಅಲ್ಲಿನ ಕಿವುಡರ ಹತ್ರಾನೇ ಹೊಸದಾಗಿ ಕಲೀರಿ, ಒಂದು ಬರೋರಿಗೆ ಇನ್ನೊಂದು ಬೇಗ ಹತ್ತುತ್ತೆ. ರೀಲ್ಸ್ ಬೇಡ. ಮಕ್ಕಳದ್ದಂತೂ ಬೇಡ್ವೇ ಬೇಡ. ದೊಡ್ಡೋರು ಅವ್ರೇ ಇಷ್ಟಪಟ್ಟು ನಿಮ್ಮ ಜೊತೆ ಫೋಟೋ ತೆಗೆಸ್ಕೊಂಡ್ರೆ, ಎಲ್ಲಿ ಹಾಕ್ತೀರ, ಯಾರು ನೋಡ್ತಾರೆ ಅಂತ ತೋರ್ಸಿ ಕೇಳಿ, ಸಂಸ್ಥೆಯ ರೂಲೂ ನೋಡ್ಕೊಳ್ಳಿ, ನಾಳೆ ಅವ್ರು ತೆಗೀರಿ ಅಂದ್ರೆ ಅವತ್ತೇ ತೆಗೀರಿ.