ಭಾರತೀಯ ಪಾಸ್‌ಪೋರ್ಟ್ ಇದ್ದರೆ ಬಾರ್ಬಡೋಸ್‌ಗೆ ವೀಸಾ ಬೇಡವಂತೆ, ಟಿಕೆಟ್ ತಗೊಂಡು ಹೊರಟುಬಿಡಬಹುದಾ?

ನೀವು ಕೇಳಿರುವುದು ಇಷ್ಟು: ಬೆಂಗಳೂರಿನಿಂದ ಗಂಡ, ಹೆಂಡತಿ ಮತ್ತು ಏಳು ವರ್ಷದ ಮಗು, ಹತ್ತು ದಿನ ಬಾರ್ಬಡೋಸ್. ವೀಸಾ ಬೇಡ ಅಂದಮೇಲೆ ಪಾಸ್‌ಪೋರ್ಟ್ ಹಿಡಿದು ಹೋದರೆ ಸಾಕಾ?

ಕೆರಿಬಿಯನ್‌ನ ಆ ದ್ವೀಪದ ಮಟ್ಟಿಗೆ ನೀವು ಕೇಳಿದ್ದು ನಿಜ. ಪ್ರವಾಸಕ್ಕೆ ಹೋಗುವ ಭಾರತೀಯರು 90 ದಿನದವರೆಗೆ ವೀಸಾ ಇಲ್ಲದೆ ಇರಬಹುದು. ತೊಡಕಿರುವುದು ದಾರಿಯಲ್ಲಿ. ಇಲ್ಲಿಂದ ಅಲ್ಲಿಗೆ ನೇರ ವಿಮಾನ ಇಲ್ಲ. ಸಾಮಾನ್ಯವಾಗಿ ಲಂಡನ್, ಟೊರಾಂಟೊ, ಇಲ್ಲವೇ ನ್ಯೂಯಾರ್ಕ್ ಅಥವಾ ಮಯಾಮಿಯಲ್ಲಿ ಇಳಿದು ಹತ್ತಬೇಕು, ಆ ಮೂರೂ ದೇಶಗಳು ಬರೀ ವಿಮಾನ ಬದಲಿಸುವುದಕ್ಕೂ ಭಾರತೀಯರಿಂದ ವೀಸಾ ಕೇಳುತ್ತವೆ. ಬೆಂಗಳೂರಿನ ಚೆಕ್-ಇನ್ ಕೌಂಟರ್‌ನಿಂದಲೇ ಜನ ವಾಪಸ್ ಬರುವುದು ಬಹುತೇಕ ಇದೇ ಕಾರಣಕ್ಕೆ. ಹಾಗಾಗಿ ಮೊದಲು ದಾರಿ ನಿರ್ಧರಿಸಿ, ಆಮೇಲೆ ಟಿಕೆಟ್.

ಅಮೆರಿಕದಲ್ಲಿ ಇಮಿಗ್ರೇಷನ್ ದಾಟದೆ ಮುಂದಿನ ವಿಮಾನ ಹತ್ತುವ ವ್ಯವಸ್ಥೆಯೇ ಇಲ್ಲ. ಎರಡೇ ಗಂಟೆ ನಿಂತರೂ ಸಿ-1 ಟ್ರಾನ್ಸಿಟ್ ವೀಸಾ ಅಥವಾ ಬಿ-1/ಬಿ-2 ಎಂಬ ಭೇಟಿ ವೀಸಾ ಬೇಕು. ನಿಮ್ಮ ಮೂವರ ಪಾಸ್‌ಪೋರ್ಟ್‌ನಲ್ಲೂ ಈಗಾಗಲೇ ಬಿ-1/ಬಿ-2 ಇದ್ದರೆ ಈ ದಾರಿ ಸಲೀಸು. ಇಲ್ಲದಿದ್ದರೆ ಹತ್ತು ದಿನದ ರಜೆಗೋಸ್ಕರ ಅಮೆರಿಕ ವೀಸಾ ಸಂದರ್ಶನದ ಸರದಿಗೆ ಬೀಳಬೇಡಿ.

ಕೆನಡಾದ ಟ್ರಾನ್ಸಿಟ್ ವೀಸಾಗೆ ಶುಲ್ಕ ಇಲ್ಲ, ಆದರೆ ಅರ್ಜಿ ಹಾಕಲೇಬೇಕು. 48 ಗಂಟೆಗಿಂತ ಕಡಿಮೆ ನಿಲ್ಲುವವರಿಗೆ ಮಾತ್ರ ಅದು. ಅರ್ಜಿಯಲ್ಲಿ ಹೋಗುವ ಮತ್ತು ಬರುವ ಎರಡೂ ಪ್ರಯಾಣ ತೋರಿಸಿ. ಒಂದೇ ಸಲದ ವೀಸಾ ಸಿಕ್ಕಿದರೆ ಹೋಗುವಾಗ ಏನೂ ಆಗುವುದಿಲ್ಲ, ಬರುವಾಗ ಬಾರ್ಬಡೋಸ್‌ನ ರಾಜಧಾನಿ ಬ್ರಿಜ್‌ಟೌನ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಬೆಂಗಳೂರಿನವರಿಗೆ ನಾನು ಹೇಳುವ ದಾರಿ ಲಂಡನ್‌ನದು. ಇಲ್ಲಿಂದ ಹೀಥ್ರೋಗೆ ನೇರ ವಿಮಾನ ಇದೆ, ಹೀಥ್ರೋದಿಂದ ಬಾರ್ಬಡೋಸ್‌ಗೂ ಇದೆ. ಆದರೆ ಬ್ರಿಟನ್ನಿನ ಟ್ರಾನ್ಸಿಟ್ ವೀಸಾದಲ್ಲಿ ಎರಡು ಬಗೆ, ಗೊಂದಲ ಆಗುವುದೇ ಅಲ್ಲಿ. ಅದೇ ವಿಮಾನ ನಿಲ್ದಾಣದೊಳಗೆ, ಗಡಿ ತಪಾಸಣೆ ದಾಟದೆ, 24 ಗಂಟೆಯೊಳಗೆ ಮುಂದಿನ ವಿಮಾನ ಹತ್ತುವುದಾದರೆ ಡೈರೆಕ್ಟ್ ಏರ್‌ಸೈಡ್ ಟ್ರಾನ್ಸಿಟ್ ವೀಸಾ. ಹೊರಗೆ ಬರಬೇಕಾದರೆ, ಅಂದರೆ ಹೀಥ್ರೋದಲ್ಲಿ ಇಳಿದು ಗ್ಯಾಟ್ವಿಕ್‌ನಲ್ಲಿ ಹತ್ತುವಂತಿದ್ದರೆ ಅಥವಾ ಬ್ಯಾಗ್ ತಗೊಂಡು ಮತ್ತೆ ಚೆಕ್-ಇನ್ ಮಾಡಬೇಕಿದ್ದರೆ, ವಿಸಿಟರ್ ಇನ್ ಟ್ರಾನ್ಸಿಟ್ ವೀಸಾ. ದುಡ್ಡು ಉಳಿಸಲು ಎರಡು ಬೇರೆ ಬೇರೆ ಟಿಕೆಟ್ ಕೊಂಡವರು ಮೊದಲನೆಯದನ್ನು ಮಾಡಿಸಿ ಎಡವುತ್ತಾರೆ. ಒಂದೇ ಪಿಎನ್‌ಆರ್‌ನಲ್ಲಿ ಇಡೀ ಪ್ರಯಾಣ ಇರಲಿ. ಕೆಂಪೇಗೌಡ ನಿಲ್ದಾಣದಲ್ಲಿ ಬ್ಯಾಗಿಗೆ ಟ್ಯಾಗ್ ಅಂಟಿಸಿದ ತಕ್ಷಣ ಬಗ್ಗಿ ನೋಡಿ: ಕೊನೆಯ ನಿಲ್ದಾಣವಾಗಿ ‘ಬಿಜಿಐ’ ಎಂದಿರಬೇಕು, ಅದು ಬಾರ್ಬಡೋಸ್‌ನ ಗ್ರ್ಯಾಂಟ್ಲಿ ಆಡಮ್ಸ್ ನಿಲ್ದಾಣದ ಸಂಕೇತ. ‘ಎಲ್‌ಎಚ್‌ಆರ್’ ಎಂದಷ್ಟೇ ಇದ್ದರೆ ಬ್ಯಾಗ್ ಹೀಥ್ರೋದಲ್ಲೇ ಹೊರಬರುತ್ತದೆ. ಕೌಂಟರ್ ಬಿಡುವ ಮುನ್ನ ಸರಿಪಡಿಸಿಕೊಳ್ಳಿ.

ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡ್‌ನ ಚಾಲ್ತಿ ವೀಸಾ ಇದ್ದವರಿಗೆ ಏರ್‌ಸೈಡ್ ವೀಸಾದಿಂದ ವಿನಾಯಿತಿ ಇದೆ. ಗಡಿ ದಾಟಿ ಹೊರಬರುವವರಿಗೆ ನಿಯಮ ಬೇರೆ. ಬಾರ್ಬಡೋಸ್‌ಗೆ ಹೋಗುವವರು ಅದೇ ಅಮೆರಿಕ ವೀಸಾ ತೋರಿಸಿ ಹೀಥ್ರೋದಿಂದ ಆಚೆ ಕಾಲಿಡಲು ಆಗುವುದಿಲ್ಲ. ವಿನಾಯಿತಿಯನ್ನು ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ನೋಡುತ್ತಾರೆ, ಅಪ್ಪ ಅಮ್ಮನ ವೀಸಾ ಮಗುವಿಗೆ ಅನ್ವಯಿಸದು.

ಇನ್ನು ಬಾರ್ಬಡೋಸ್‌ನಲ್ಲಿ ಇಳಿದಾಗ ಕೇಳುವುದು. ವಾಪಸ್ ಟಿಕೆಟ್ ಕಡ್ಡಾಯ ಅಂದುಕೊಳ್ಳಿ. ನಿಜವಾದ, ಹಣ ಕಟ್ಟಿದ ಟಿಕೆಟ್. ಏಜೆಂಟರು ಕೊಡುವ ‘ಡಮ್ಮಿ ಟಿಕೆಟ್’ ನಂಬಬೇಡಿ. ಉಳಿಯುವ ಜಾಗದ ಪೂರ್ತಿ ವಿಳಾಸ, ಹತ್ತು ದಿನದ ಖರ್ಚಿಗೆ ಸಾಕಾಗುವ ಹಣದ ದಾಖಲೆ, ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್ ಇರಲಿ. ಅಲ್ಲಿ 2 ಬಾರ್ಬಡೋಸ್ ಡಾಲರ್ ಅಂದರೆ 1 ಅಮೆರಿಕನ್ ಡಾಲರ್, ದರ ಬದಲಾಗುವುದಿಲ್ಲ, ಲೆಕ್ಕ ಸುಲಭ. 90 ದಿನ ಎನ್ನುವುದು ಗರಿಷ್ಠ ಮಿತಿ. ಅಧಿಕಾರಿ ನಿಮ್ಮ ಟಿಕೆಟ್ ನೋಡಿ ಕಡಿಮೆ ದಿನ ಬರೆಯಬಹುದು, ಮುದ್ರೆಯ ಮೇಲಿನ ದಿನಾಂಕವನ್ನು ಅಲ್ಲೇ ಓದಿಕೊಳ್ಳಿ.

ಹೊರಡುವ ಮುನ್ನಿನ ಮೂರು ದಿನದೊಳಗೆ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ಫಾರ್ಮನ್ನು ಆನ್‌ಲೈನ್‌ನಲ್ಲಿ ತುಂಬಿ, ಮಗುವಿನ ವಿವರವೂ ಸೇರಲಿ. ಇದು ಉಚಿತ. ಜಾಲತಾಣದ ವಿಳಾಸ ‘ಜಿಒವಿ.ಬಿಬಿ’ ಎಂದು ಮುಗಿಯಬೇಕು; ಹುಡುಕಿದಾಗ ಮೇಲೆ ಬರುವ, ದುಡ್ಡು ಕೇಳುವ ತಾಣಗಳು ಸರ್ಕಾರದ್ದಲ್ಲ.

ಬ್ಯಾಗಿನ ವಿಷಯದಲ್ಲಿ ಎರಡು ಮಾತು. ಮಿಲಿಟರಿ ಮಾದರಿಯ, ಹಸಿರು-ಕಂದು ಚುಕ್ಕೆಯ ಬಟ್ಟೆ ಅಲ್ಲಿ ಸಾಮಾನ್ಯ ಜನರಿಗೆ ಕಾನೂನುಬಾಹಿರ. ಮಕ್ಕಳಿಗೂ ವಿನಾಯಿತಿ ಇಲ್ಲ, ಹಾಗಾಗಿ ಮಗುವಿನ ಚಡ್ಡಿ, ಟೋಪಿ, ಶಾಲಾ ಬ್ಯಾಗನ್ನು ಒಮ್ಮೆ ನೋಡಿಬಿಡಿ. ಹಸಿ ಕರಿಬೇವು, ಮಾವಿನಹಣ್ಣು, ಬೀಜ ಒಯ್ಯಬೇಡಿ.

ಹಳದಿ ಜ್ವರದ ಲಸಿಕೆ ಭಾರತದಿಂದ ಲಂಡನ್ ಮೇಲೆ ಹೋಗಿ ಹಾಗೇ ಬರುವವರಿಗೆ ಬೇಕಿಲ್ಲ. ‘ಅಷ್ಟು ದೂರ ಹೋಗಿ ಪಕ್ಕದ ಟ್ರಿನಿಡಾಡ್ ಅಥವಾ ಗಯಾನಾ ನೋಡದೆ ಬರೋದಾ’ ಎಂದುಕೊಂಡರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ರೋಗ ಹರಡಿರುವ ಸಮಯದಲ್ಲಿ ಬಂದವರ ಲಸಿಕೆ ಸರ್ಟಿಫಿಕೇಟನ್ನು ಬಾರ್ಬಡೋಸ್ ಕೇಳಬಹುದು. ಅಲ್ಲಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಬಂದಿಳಿದರೆ ಇಲ್ಲೂ ಕೇಳುತ್ತಾರೆ, ಇಲ್ಲದಿದ್ದರೆ ಕ್ವಾರಂಟೈನ್. ಲಸಿಕೆ ಹಾಕಿಸಿ ಹತ್ತು ದಿನವಾದ ಮೇಲೆಯೇ ಸರ್ಟಿಫಿಕೇಟ್‌ಗೆ ಮಾನ್ಯತೆ.

ಕೆಲಸದ ಲ್ಯಾಪ್‌ಟಾಪ್ ಒಯ್ದು ಅಲ್ಲೇ ಕೆಲವು ತಿಂಗಳು ಇದ್ದು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ಯೋಚನೆಯಿದ್ದರೆ ಅದಕ್ಕೆ ವೆಲ್ಕಮ್ ಸ್ಟ್ಯಾಂಪ್ ಎಂಬ 12 ತಿಂಗಳ ಪರವಾನಗಿ ಇದೆ, 2020ರಲ್ಲಿ ಬಂದದ್ದು. ವರ್ಷಕ್ಕೆ 50,000 ಅಮೆರಿಕನ್ ಡಾಲರ್ ಆದಾಯ ತೋರಿಸಬೇಕು.

ಬುಕ್ ಮಾಡುವಾಗ ಹೆಸರನ್ನೂ ಸರಿಯಾಗಿ ಓದಿ. ಬಾರ್ಬುಡಾ ಬೇರೆ, ಅದು ಆಂಟಿಗಾ ಮತ್ತು ಬಾರ್ಬುಡಾ ದೇಶದ ಭಾಗ. ಹಾಗೆಯೇ ಡೊಮಿನಿಕಾಗೆ ನಮಗೆ ವೀಸಾ ಬೇಡ, ಡೊಮಿನಿಕನ್ ರಿಪಬ್ಲಿಕ್‌ನ ನಿಯಮವೇ ಬೇರೆ.

ಕೊನೆಗೆ ದಿನಾಂಕದ ವಿಷಯ. ಜೂನ್ 1ರಿಂದ ನವೆಂಬರ್ 30 ಅಲ್ಲಿ ಚಂಡಮಾರುತದ ಕಾಲ. 2024ರ ಜೂನ್ 29ರಂದು ಅಲ್ಲಿನ ಕೆನ್ಸಿಂಗ್ಟನ್ ಓವಲ್‌ ಮೈದಾನದಲ್ಲಿ, ನಮ್ಮ ದ್ರಾವಿಡ್ ಕೋಚ್ ಆಗಿದ್ದಾಗ ಭಾರತ ಟಿ20 ವಿಶ್ವಕಪ್ ಗೆದ್ದಿತಲ್ಲ, ಅದರ ಬೆನ್ನಿಗೇ ಬೆರಿಲ್ ಚಂಡಮಾರುತ ಬಂದು ವಿಮಾನ ನಿಲ್ದಾಣ ಮುಚ್ಚಿತು, ತಂಡ ಹಲವು ದಿನ ಅಲ್ಲೇ ಉಳಿಯಬೇಕಾಯಿತು. ಆ ತಿಂಗಳುಗಳಲ್ಲಿ ಹೋಗುವುದಾದರೆ ಟ್ರಾನ್ಸಿಟ್ ವೀಸಾದ ಅವಧಿ ವಾಪಸ್ ಟಿಕೆಟ್‌ನ ದಿನಕ್ಕೇ ಮುಗಿಯದಂತೆ ನೋಡಿಕೊಳ್ಳಿ. ವಿಮಾನ ಮೂರು ದಿನ ತಡವಾದರೂ ಹೀಥ್ರೋ ದಾಟಿ ಮನೆ ಸೇರುವಷ್ಟು ದಿನ ಅದರಲ್ಲಿ ಉಳಿದಿರಬೇಕು.